ಡಿಗ್ರಿ ಮುಗಿದ ಬೇಸಿಗೆ, ಕೋಣಂದೂರಿನ ರಾತ್ರಿ ಬಸ್ಸು

ಮೇ ತಿಂಗಳ ಕೊನೆಯ ವಾರ. ಸಂಜೆ ಗುಡುಗಿ ಒಂದು ಹದ ಮಳೆ ಸುರಿದು ನಿಂತಿದೆ. ಕೋಣಂದೂರು ಪೇಟೆಯಲ್ಲಿ ಕರೆಂಟಿಲ್ಲ. ಎರಡು ಮೂರು ಅಂಗಡಿಗಳ ಇನ್ವರ್ಟರ್ ದೀಪದ ಬೆಳಕಷ್ಟೇ ರಸ್ತೆಗೆ ಬಿದ್ದಿದೆ. ಬೆಂಗಳೂರು ಬಸ್ಸು ಬರುವ ಹೊತ್ತು. ಅಂಗಡಿ ಜಗುಲಿಯ ಮೇಲೆ ಹೊಸ ಟ್ರಾಲಿ ಬ್ಯಾಗು, ಪಕ್ಕದಲ್ಲಿ ಪ್ಲಾಸ್ಟಿಕ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬಾಲ್‌ಪೆನ್ನಿನಲ್ಲಿ ದಪ್ಪಗೆ ತಿದ್ದಿದ ಹೆಸರು, ಮೊಬೈಲ್ ನಂಬರು.

ಅಪ್ಪಯ್ಯ ಬೈಕಿನಿಂದ ಇಳಿದೇ ಇಲ್ಲ. ಬಸ್ಸು ಬರುವ ತಿರುವಿನ ಕಡೆ ನೋಡುತ್ತಾ ಕೂತಿದ್ದಾರೆ. ಅಮ್ಮ ಮಾತ್ರ ಕೇಳಿದ್ದನ್ನೇ ಕೇಳುತ್ತಿದ್ದಾರೆ: "ಚಾರ್ಜರ್ ಇಟ್ಕಂಡ್ಯಾ? ಮಾರ್ಕ್ಸ್ ಕಾರ್ಡು? ಹೋಗಿ ಮುಟ್ಟಿದ್ ಕೂಡ್ಲೆ ಫೋನ್ ಮಾಡು." ಬಸ್ಸು ಬರುತ್ತದೆ, ಪೆಟ್ಟಿಗೆ ಡಿಕ್ಕಿಗೆ ಬೀಳುತ್ತದೆ, ಕ್ಲೀನರ್ ಬಾಗಿಲು ಬಡಿಯುತ್ತಾನೆ. ಯಾರೂ ಅಳುವುದಿಲ್ಲ. ಅಳುವಷ್ಟು ಹೊತ್ತು ಬಸ್ಸು ನಿಲ್ಲುವುದೂ ಇಲ್ಲ.

ತೀರ್ಥಹಳ್ಳಿಗೂ ಹೊಸನಗರ, ರಿಪ್ಪನ್‌ಪೇಟೆ ಸೀಮೆಗೂ ನಡುವೆ ಇರುವ ಕೋಣಂದೂರಿನಲ್ಲಿ ಮಾತ್ರವಲ್ಲ, ಸಾಗರದವರೆಗೆ ಮಲೆನಾಡಿನ ಯಾವ ಪೇಟೆಯಲ್ಲಿ ನಿಂತರೂ ಕಾಣುವ ನೋಟ ಇದು. 'ಮಲೆನಾಡಿನ ಮನೆಗಳೆಲ್ಲ ವೃದ್ಧಾಶ್ರಮ ಆಗ್ತಿವೆ' ಎಂಬ ಮಾತು ಸಭೆ ಸಮಾರಂಭಗಳಲ್ಲಿ ಸವೆದು ಹೋಗಿದೆ. ಆದರೆ ಡಿಗ್ರಿಯ ಕೊನೆಯ ಪರೀಕ್ಷೆಗೂ ಈ ಬಸ್ಸಿಗೂ ನಡುವಿನ ತಿಂಗಳುಗಳಲ್ಲಿ ಮನೆಯೊಳಗೆ ಏನು ನಡೆಯುತ್ತದೆ, ಹೋಗಬೇಕೆಂದು ತೀರ್ಮಾನಿಸುವವರು ಯಾರು, ಊರು ನಿಜವಾಗಿ ಕೈಬಿಡುವುದು ಯಾವ ದಿನ ಎಂಬುದನ್ನು ಯಾರೂ ಅಷ್ಟಾಗಿ ಬಿಡಿಸಿ ನೋಡುವುದಿಲ್ಲ. ಈ ರಾತ್ರಿ ಬಸ್ಸಿನ ದಿನವಂತೂ ಅದಲ್ಲ.

ರಜೆ ಅಲ್ಲದ ರಜೆ

ಕೋಣಂದೂರು ಸುತ್ತಿನ ಹಳ್ಳಿಗಳ ಮಕ್ಕಳು ಡಿಗ್ರಿಗೆ ಹೋಗುವ ದಾರಿಗಳು ಹಲವು. ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಬಾಳೆಬೈಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಆ ಕಡೆಯವರಿಗೆ ಹೊಸನಗರದ ಕೊಡಚಾದ್ರಿ ಕಾಲೇಜು, ಸಾಗರದ ಲಾಲ್ ಬಹದ್ದೂರ್ ಕಾಲೇಜು, ಹಾಸ್ಟೆಲಿನಲ್ಲಿ ಇರುತ್ತೇನೆ ಎನ್ನುವವರಿಗೆ ಶಿವಮೊಗ್ಗದ ಸಹ್ಯಾದ್ರಿ. ಎಲ್ಲವೂ ಸೇರುವುದು 1987ರಲ್ಲಿ ಶುರುವಾದ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯಕ್ಕೆ.

ಹಿಂದೆ ವಾರ್ಷಿಕ ಪರೀಕ್ಷೆಯ ಕಾಲದಲ್ಲಿ ಲೆಕ್ಕ ಸುಲಭವಿತ್ತು. ಬೇಸಿಗೆಗೆ ಪರೀಕ್ಷೆ ಮುಗಿಯುತ್ತಿತ್ತು, ಮಳೆ ಹಿಡಿಯುವ ಹೊತ್ತಿಗೆ ಫಲಿತಾಂಶ. ಸೆಮಿಸ್ಟರ್ ಬಂತು, ಆಮೇಲೆ ಕೋವಿಡ್ ಬಂತು, ವೇಳಾಪಟ್ಟಿ ಜಾರಿತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಫಲಿತಾಂಶವನ್ನು ಈಗ ಯು.ಯು.ಸಿ.ಎಂ.ಎಸ್. ಪೋರ್ಟಲ್‌ನಲ್ಲಿ ಲಾಗಿನ್ ಆಗಿ ನೋಡಬೇಕು. ಹಾಗಾಗಿ 'ಡಿಗ್ರಿ ಮುಗಿದ ಬೇಸಿಗೆ' ಕೆಲವರಿಗೆ ಏಪ್ರಿಲ್‌ನಲ್ಲಿ ಬರುತ್ತದೆ, ಕೆಲವು ಬ್ಯಾಚಿಗೆ ಆಷಾಢದ ಜಡಿಮಳೆಯಲ್ಲಿ.

ಯಾವ ತಿಂಗಳಲ್ಲಿ ಬಂದರೂ ಅದು ಮೈಮುರಿದು ಮಲಗುವ ರಜೆ ಅಲ್ಲ. ಮಲೆನಾಡಿನ ಮನೆಯಲ್ಲಿ ಬೇಸಿಗೆಗೆ ಕೆಲಸ ಹೆಚ್ಚು. ತೋಟಕ್ಕೆ ನೀರು ಬಿಡಬೇಕು. ದರಗು ಗುಡಿಸಿ ತರಬೇಕು, ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ಸೇರಬೇಕು. ಎಲ್ಲೋ ಕಾಡಂಚಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸೊಪ್ಪಿಗೆ ಹೋಗುವವರು ಹಿಂದೆಮುಂದೆ ನೋಡುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ತಾಲ್ಲೂಕುಗಳನ್ನು ಇನ್ನೂ ಬಿಟ್ಟಿಲ್ಲ, ಅದರ ಕಾಟವೂ ಬೇಸಿಗೆಯಲ್ಲೇ. ಜೂನ್ ಹತ್ತಿರ ಬಂದಂತೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿದ್ಧತೆ. ಮೈಲುತುತ್ತ, ಸುಣ್ಣ, ಗಟಾರ್ ಪಂಪು, ಪೈಪು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗನಿಗೆ ಪೈಪು ಹಿಡಿಯುವ ಕೆಲಸ ತಪ್ಪಿದ್ದಲ್ಲ.

ಇದರ ನಡುವೆ ಮದುವೆಗಳ ಸೀಸನ್. ಕಾಲೇಜಿನ ಬೀಳ್ಕೊಡುಗೆ ಸಮಾರಂಭ, ಪಂಚೆ ಸೀರೆ ಉಟ್ಟ ಫೋಟೊ, ಕುಂದಾದ್ರಿಗೋ ಕವಲೇದುರ್ಗಕ್ಕೋ ಬೈಕಿನಲ್ಲಿ ಹೋಗಿ ಬಂದದ್ದು ಎಲ್ಲ ಒಂದು ವಾರದಲ್ಲಿ ಮುಗಿಯುತ್ತದೆ. ಮುಗಿಯದೆ ಉಳಿಯುವುದು ಮದುವೆ ಮನೆಗಳು. ಊಟದ ಪಂಕ್ತಿಯಲ್ಲಿ ಎಡಗಡೆಯವರು ಕೇಳುತ್ತಾರೆ, "ಡಿಗ್ರಿ ಆತಲ್ಲ, ಮುಂದೆ?" ಬಲಗಡೆಯವರು ಉತ್ತರಕ್ಕೆ ಕಾಯುತ್ತಾರೆ. "ಇಲ್ಲೇ ಇದೀನಿ" ಎಂದರೆ ಇಬ್ಬರೂ ಸುಮ್ಮನಾಗುತ್ತಾರೆ. "ಬೆಂಗ್ಳೂರಲ್ಲಿ ನೋಡ್ತಾ ಇದೀನಿ" ಎಂದರೆ ಮಾತು ಮುಂದುವರಿಯುತ್ತದೆ: ಎಲ್ಲಿ, ಯಾರ ರೂಮಲ್ಲಿ, ನಮ್ಮ ಭಾವನ ಮಗನೂ ನಾಗರಭಾವಿಯಲ್ಲಿದ್ದಾನೆ. ಹುಡುಗ ಇನ್ನೂ ಏನೂ ತೀರ್ಮಾನಿಸಿಲ್ಲದಿದ್ದರೂ ನಾಲ್ಕು ಮದುವೆ ಮುಗಿಯುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ.

ಅಜ್ಜನ ಡಿಕ್ಲರೇಶನ್, ಅಪ್ಪನ ಪಾಲು

ತೀರ್ಮಾನದ ಬೇರು ಮಾತ್ರ ಮದುವೆ ಮನೆಗಿಂತ ಹಳೆಯದು. ಅದು ಪಹಣಿಯಲ್ಲಿದೆ.

ಈ ಸೀಮೆ ಗೇಣಿದಾರರ ಹೋರಾಟದ ಸೀಮೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹ, ಅಲ್ಲಿಗೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ಶಾಂತವೇರಿ ಗೋಪಾಲಗೌಡರು ಇದೇ ತೀರ್ಥಹಳ್ಳಿ ತಾಲ್ಲೂಕಿನವರು. ಸಮಾಜವಾದಿ ನಾಯಕ ಕೋಣಂದೂರು ಲಿಂಗಪ್ಪನವರ ಹೆಸರಿನಲ್ಲೇ ಈ ಊರಿದೆ. ಆ ಹೋರಾಟದ ಫಲ ಕಾಗದದ ಮೇಲೆ ಬಂದದ್ದು 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣಾ ತಿದ್ದುಪಡಿಯಿಂದ. 'ಡಿಕ್ಲರೇಶನ್ ಹಾಕಿದ್ದು' ಎಂದು ಹಿರಿಯರು ಇವತ್ತಿಗೂ ಹೇಳುವುದು ಗೇಣಿ ಜಮೀನಿನ ಹಕ್ಕಿಗಾಗಿ ಆಗ ತುಂಬಿದ ಫಾರಂ ನಂಬರ್ 7ನ್ನು.

ಅಜ್ಜನಿಗೆ ಹಾಗೆ ನಾಲ್ಕು ಎಕರೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಸ್ವಲ್ಪ ಗದ್ದೆ, ಸ್ವಲ್ಪ ಖುಷ್ಕಿ. ಗೇಣಿ ಕೊಡುವುದು ತಪ್ಪಿದ ಖುಷಿಯಲ್ಲಿ ಗದ್ದೆಯ ಮೇಲ್ಭಾಗಕ್ಕೆ ಅಡಿಕೆ ಸಸಿ ಬಂತು. ನಾಲ್ವರು ಮಕ್ಕಳು, ಪಾಲಾಯಿತು. ಅಪ್ಪನ ಭಾಗಕ್ಕೆ ಬಂದ ಒಂದು ಎಕರೆಯಲ್ಲಿ ಮನೆ ಕಟ್ಟಿ, ಇಬ್ಬರು ಮಕ್ಕಳನ್ನು ಓದಿಸಿದ್ದಾಯಿತು. ಆ ಇಬ್ಬರಲ್ಲಿ ಒಬ್ಬನಿಗೆ ಈಗ ಬಿ.ಕಾಂ. ಮುಗಿದಿದೆ. ಅರ್ಧ ಎಕರೆ ತೋಟದಲ್ಲಿ ಒಬ್ಬ ಪದವೀಧರನ ಜೀವನ ನಡೆಯುತ್ತದೆಯೇ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಹತ್ತನೇ ಕ್ಲಾಸಿನಲ್ಲಿ ಅವನನ್ನು ಟ್ಯೂಷನ್ನಿಗೆ ಕಳಿಸಿದಾಗಲೇ ಮನೆ ಉತ್ತರ ಕೊಟ್ಟಾಗಿತ್ತು.

ಉಳುವವನಿಗೆ ಭೂಮಿ ಕೊಟ್ಟ ಕಾನೂನು ಮೂರನೇ ತಲೆಮಾರಿನ ಹುಡುಗನನ್ನು ಬಸ್ಸು ಹತ್ತಿಸಿತು ಎಂದರೆ ಅನ್ಯಾಯವಾದೀತು. ಭೂಮಿ ಸಿಗದೇ ಇದ್ದಿದ್ದರೆ ಅವನು ಡಿಗ್ರಿ ಮೆಟ್ಟಿಲು ಹತ್ತುತ್ತಿದ್ದನೋ ಇಲ್ಲವೋ. ಭೂಮಿ ಬಂದದ್ದರಿಂದ ಓದು ಬಂತು, ಓದು ಬಂದದ್ದರಿಂದ ಭೂಮಿ ಸಾಲದಾಯಿತು. ಎರಡೂ ಸತ್ಯ.

ಅಡಿಕೆಯ ಭರವಸೆಯೂ ಅಲುಗಾಡಿದೆ. ದರ ಚೆನ್ನಾಗಿದ್ದ ವರ್ಷ ಪೇಟೆಯಲ್ಲಿ ಹೊಸ ಬೈಕುಗಳು ಕಾಣುತ್ತವೆ ನಿಜ. ಆದರೆ ಕೆಲವು ವರ್ಷಗಳಿಂದ ಹೊಸನಗರ, ತೀರ್ಥಹಳ್ಳಿ ಭಾಗದ ತೋಟಗಳಿಗೆ ಎಲೆಚುಕ್ಕೆ ಹತ್ತಿದೆ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬೋಳಿಸಿದ್ದನ್ನು ಇಲ್ಲಿಯವರು ಕಣ್ಣಾರೆ ನೋಡಿದ್ದಾರೆ. "ಹೆಂಗೂ ಇರ್ಲಿ, ಒಬ್ಬನಾದ್ರೂ ಹೊರಗಿರ್ಲಿ" ಎಂಬ ಲೆಕ್ಕ ಅಲ್ಲಿಂದ ಬರುತ್ತದೆ.

ಜನಗಣತಿಯಲ್ಲೂ ಇದರ ಗುರುತು ಸಿಗುತ್ತದೆ. 2001ರಿಂದ 2011ರ ನಡುವೆ ಕರ್ನಾಟಕದಲ್ಲಿ ಜನಸಂಖ್ಯೆ ಕುಸಿದ ಏಕೈಕ ಜಿಲ್ಲೆ ತುಂಗೆಯ ಮೇಲ್ದಂಡೆಯ ನಮ್ಮ ನೆರೆಯ ಚಿಕ್ಕಮಗಳೂರು. 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರ ಆಸುಪಾಸು ಬೆಳೆಯಿತು.

ಯಾವ ಡಿಗ್ರಿಗೆ ಯಾವ ಬಸ್ಸು

ಎಲ್ಲರೂ ಒಂದೇ ಬಸ್ಸು ಹತ್ತುವುದಿಲ್ಲ. ಬಿ.ಕಾಂ. ಮುಗಿಸಿದವರು ಮೊದಲು ಶಿವಮೊಗ್ಗದಲ್ಲಿ ಆಡಿಟರ್ ಆಫೀಸೊಂದರಲ್ಲಿ ಟ್ಯಾಲಿ, ಜಿ.ಎಸ್.ಟಿ. ರಿಟರ್ನ್ಸ್ ಕಲಿಯುತ್ತಾರೆ. ವರ್ಷದೊಳಗೆ ಬೆಂಗಳೂರು. ಬಿ.ಸಿ.ಎ.ಯವರು ನೇರವಾಗಿ ಅಲ್ಲಿಗೇ, ಜಾವಾ, ಪೈಥಾನ್, ಟೆಸ್ಟಿಂಗ್ ಎಂದು ಮೂರು ನಾಲ್ಕು ತಿಂಗಳ ಕೋರ್ಸಿಗೆ. ಬಿ.ಎಸ್‌ಸಿ.ಯವರಿಗೆ ಎಂ.ಎಸ್‌ಸಿ. ಸೀಟು ಸಿಕ್ಕರೆ ಶಂಕರಘಟ್ಟ ಇಲ್ಲವೇ ಮಂಗಳಗಂಗೋತ್ರಿ, ಸಿಗದಿದ್ದರೆ ಬಿ.ಎಡ್. ಅಥವಾ ಜಿಗಣಿಯದೋ ನಂಜನಗೂಡಿನದೋ ಔಷಧ ಕಾರ್ಖಾನೆಯ ಲ್ಯಾಬು. ಆಗುಂಬೆ ಘಾಟಿ ಇಳಿದು ಉಡುಪಿ, ಮಣಿಪಾಲ, ಮಂಗಳೂರಿಗೆ ಹೋಗುವವರೂ ಕಡಿಮೆಯಿಲ್ಲ. ಅವರು ವಾರಕ್ಕೊಮ್ಮೆ ಮನೆಗೆ ಬರಬಹುದಾದ್ದರಿಂದ ಊರು ಅವರನ್ನು 'ಹೋದವರು' ಎಂದು ಪೂರ್ತಿ ಎಣಿಸುವುದೇ ಇಲ್ಲ.

ಬಿ.ಎ.ಯವರ ದಾರಿ ಉದ್ದ. ಧಾರವಾಡದ ಸಪ್ತಾಪುರ ಅಥವಾ ಬೆಂಗಳೂರಿನ ವಿಜಯನಗರದಲ್ಲಿ ರೂಮು ಹಿಡಿದು ಎಫ್.ಡಿ.ಎ., ಎಸ್.ಡಿ.ಎ., ಪಿ.ಡಿ.ಒ., ಪಿ.ಎಸ್.ಐ. ಎಂದು ಕೂರುವುದು. ಈ ಕಾಯುವಿಕೆ ಎಷ್ಟು ನಿರ್ದಯಿ ಆಗಬಹುದು ಎಂಬುದಕ್ಕೆ 545 ಪಿ.ಎಸ್.ಐ. ಹುದ್ದೆಗಳ ಕತೆಯೊಂದೇ ಸಾಕು. ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ, ಅಕ್ರಮ ಬಯಲಾಗಿ ರದ್ದಾದದ್ದು 2022ರ ಏಪ್ರಿಲ್‌ನಲ್ಲಿ, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವನ ಎರಡು ವರ್ಷಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ಅಷ್ಟು ದಿನದ ರೂಮಿನ ಬಾಡಿಗೆ ಯಾವುದೋ ಅಡಿಕೆ ತೋಟದಿಂದ ಹೋಗಿರುತ್ತದೆ.

ಸರ್ಕಾರದ ನೆರವು ಇಲ್ಲವೆಂದಲ್ಲ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ಕೊಡುವ ಯುವನಿಧಿಗೆ ಚಾಲನೆ ಸಿಕ್ಕಿದ್ದು ನಮ್ಮದೇ ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಗರಿಷ್ಠ ಎರಡು ವರ್ಷ. ಆದರೆ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿಲ್ಲ ಎಂದಾದ ಮೇಲಷ್ಟೇ ಅರ್ಹತೆ. ಎಂದರೆ ಅಡ್ವಾನ್ಸು, ಬಸ್ ಚಾರ್ಜು, ಇಂಟರ್ವ್ಯೂಗೆ ಒಂದು ಜೊತೆ ಶೂ ಎಂದು ಕೈ ಬರಿದಾಗುವ ಈ ಬೇಸಿಗೆಗೆ ಅದು ಒದಗುವುದಿಲ್ಲ. ಆ ದುಡ್ಡು ಹೊಂದುವುದು ಸೊಸೈಟಿ ಸಾಲದಿಂದ, ಅಮ್ಮನ ಸ್ವಸಹಾಯ ಸಂಘದಿಂದ, ಬಳೆ ಅಡವಿಟ್ಟು.

ಬಸ್ಸಿನದೂ ಹಾಗೆಯೇ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ರಾಜ್ಯವೆಲ್ಲ ಓಡಾಡಿತು. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಈ ಭಾಗದ ವಿದ್ಯಾರ್ಥಿಗಳ ಒಂದಿಡೀ ತಲೆಮಾರನ್ನು ಕಾಲೇಜಿಗೆ ಮುಟ್ಟಿಸಿದ್ದು ಕೊಪ್ಪದ ಸಹಕಾರ ಸಾರಿಗೆ. 1991ರಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಆ ಸಂಸ್ಥೆ 2020ರಲ್ಲಿ ನಿಂತೇ ಹೋಯಿತು. ಅದು ಇದ್ದಿದ್ದರೆ ಎಂದು ಈಗಲೂ ಹೇಳುವ ಅಪ್ಪಂದಿರು ಸಿಗುತ್ತಾರೆ.

ರೈಲಿನ ಮಾತು ಬೇಡ, ಕೋಣಂದೂರಿಗೆ ರೈಲಿಲ್ಲ. ರಿಪ್ಪನ್‌ಪೇಟೆ ಕಡೆಗೆ ಅರಸಾಳು ಎಂಬ ಪುಟ್ಟ ನಿಲ್ದಾಣವಿದೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆ ಹಳೆಯ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಮುಗಿಯುವುದೂ ರೈಲು ನಿಲ್ದಾಣದಲ್ಲೇ, ಊರು ಬಿಡುತ್ತಿರುವ ರಾಜಮ್‌ನನ್ನು ಸ್ವಾಮಿ ಬೀಳ್ಕೊಡುವಲ್ಲಿ. ಸೆಲ್ಫಿಗೆ ಬರುವ ಪ್ರವಾಸಿಗರಿಗೆ ಅದು ನೆನಪಾಗುತ್ತದೋ ಇಲ್ಲವೋ.

ಹುಡುಗಿಯರ ಬೇಸಿಗೆ ಬೇರೆ

ಇದುವರೆಗೆ ಹೇಳಿದ್ದು ಹೆಚ್ಚಾಗಿ ಹುಡುಗನ ಕತೆ. ಹುಡುಗಿಗೆ ಇದೇ ಬೇಸಿಗೆಯಲ್ಲಿ ಎರಡು ಕಡೆಯಿಂದ ಕೇಳಿಕೆ ಬರುತ್ತದೆ. ಒಂದು ಕಡೆ ಕಾಲೇಜಿನ ಗೆಳತಿಯರು ಪಿ.ಜಿ. ಹುಡುಕಿದ್ದಾರೆ, ಮೂವರಾದರೆ ಬಾಡಿಗೆ ಹಗುರ. ಇನ್ನೊಂದು ಕಡೆ ಜಾತಕ ಹೊರಬಿದ್ದಿದೆ. ಮನೆಯವರು ಕೆಟ್ಟವರೇನಲ್ಲ. "ಒಂದ್ ವರ್ಷ ಕೆಲ್ಸ ಮಾಡ್ಲಿ, ಅಷ್ಟ್ರಲ್ಲಿ ಯಾವ್ದಾದ್ರೂ ಒಳ್ಳೇದ್ ಬಂದ್ರೆ ನೋಡನ" ಎನ್ನುತ್ತಾರೆ. ಕೆಲಸವೂ ಕಾಯುವ ಕೋಣೆಯಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಹುಡುಗಿಯರು ಸುಮ್ಮನೆ ಕೂತಿಲ್ಲ. ಹಳ್ಳಿಯಲ್ಲೇ ಇರುವ ಹುಡುಗ ಬೇಡ ಎನ್ನುವ ಧೈರ್ಯ ಅವರಿಗೆ ಡಿಗ್ರಿ ಕೊಟ್ಟಿದೆ. ಅಮ್ಮ, ದೊಡ್ಡಮ್ಮ ಬೆಳಗ್ಗೆ ಕೊಟ್ಟಿಗೆಯಿಂದ ಶುರುವಾಗಿ ರಾತ್ರಿ ಒಲೆಬುಡದಲ್ಲಿ ಮುಗಿಸುವ ದಿನವನ್ನು ನೋಡಿ ಬೆಳೆದವರು ಅವರು. ಕೃಷಿಕ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂಬ ದೂರು ಮಲೆನಾಡಿಗಷ್ಟೇ ಸೀಮಿತವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟಿದ್ದರು. ಪತ್ರಿಕೆಗಳು ಅದನ್ನು ತಮಾಷೆಯಂತೆ ಬರೆದವು. ಇಲ್ಲಿ ಅದರ ಪರಿಣಾಮ ತಮಾಷೆಯದಲ್ಲ: ತೋಟದಲ್ಲೇ ಇರಲು ಮನಸ್ಸಿದ್ದ ಹುಡುಗನೂ ಮದುವೆ ಆಗಬೇಕೆಂಬ ಕಾರಣಕ್ಕೆ ಬೆಂಗಳೂರಿನಲ್ಲಿ ಒಂದು ಕೆಲಸ ಇಟ್ಟುಕೊಳ್ಳುತ್ತಾನೆ.

ಹೆಣ್ಣುಮಕ್ಕಳ ವಿದಾಯಕ್ಕೆ ಕಾಗದದ ರೂಪವೂ ಉಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆದರೂ ಅಣ್ಣ ಸಾಲ ತೆಗೆಯುವ ಹೊತ್ತಿಗೋ ಪಾಲಿನ ಹೊತ್ತಿಗೋ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಆಗುತ್ತದೆ. ತವರಿನ ಬಾಗಿಲು ತೆರೆದಿರಲಿ ಎಂದು ಸಹಿ ಹಾಕಿದೆ ಎನ್ನುವವರೇ ಹೆಚ್ಚು.

ಪೆಟ್ಟಿಗೆಯಲ್ಲಿ ಏನಿದೆ

ಡಿಕ್ಕಿಗೆ ಬಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದರೆ ಬೇಸಿಗೆಯ ದಿನಚರಿಯೇ ಸಿಗುತ್ತದೆ. ತಳದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬ. ಹೊಳೆಯಂಚಿನ ಮರಗಳಿಂದ ತೊಟ್ಟು ಸಮೇತ ಕೊಯ್ದು, ಉಪ್ಪಿನಲ್ಲಿ ಹಾಕಿ ಸುಕ್ಕುಗಟ್ಟಿಸಿ, ಆಮೇಲೆ ಸಾಸಿವೆ ಮೆಣಸು ಕಡೆದು ಕೂಡಿಸಿದ್ದು. ಮುಚ್ಚಳದ ಅಡಿಗೆ ಪ್ಲಾಸ್ಟಿಕ್ ಹಾಳೆ, ಡಬ್ಬಕ್ಕೆ ಎರಡು ಕವರು, ಕವರಿಗೆ ರಬ್ಬರ್ ಬ್ಯಾಂಡು. ಇಷ್ಟಾದರೂ ಅರಸೀಕೆರೆ ದಾಟುವಷ್ಟರಲ್ಲಿ ಒಂದು ಹನಿ ಸೋರಿ ಮೇಲಿನ ಟವೆಲಿಗೆ ತಾಗಿರುತ್ತದೆ.

ಅದರ ಮೇಲೆ ಹಲಸಿನ ಹಪ್ಪಳದ ಕಟ್ಟು. ಬಲಿತ ಕಾಯಿಯ ತೊಳೆ ಬೇಯಿಸಿ, ಬಿಸಿಯಿರುವಾಗಲೇ ಅರೆದು, ಉಂಡೆ ಕಟ್ಟಿ, ಒತ್ತಿ, ಅಂಗಳದ ಚಾಪೆಯಲ್ಲಿ ಒಣಗಿಸಿದ್ದು. ಮೊದಲ ಮಳೆ ಬೀಳುವ ಮುಂಚೆ ಮುಗಿಯಬೇಕಾದ ಕೆಲಸವಾದ್ದರಿಂದ ಡಿಗ್ರಿ ಮುಗಿಸಿ ಮನೆಯಲ್ಲಿದ್ದವರೂ ಒತ್ತಲು ಕೂತಿರುತ್ತಾರೆ. ಜೊತೆಗೆ ಚಟ್ನಿಪುಡಿ, ಜೋನಿಬೆಲ್ಲದ ಬಾಟಲಿ, ನೆಗಡಿಗೆಂದು ಒಂದು ಹಿಡಿ ಕಾಳುಮೆಣಸು. ಹುಂಚದ ಪದ್ಮಾವತಿಯದೋ ಸಿಗಂದೂರಿನದೋ ಕುಂಕುಮದ ಪೊಟ್ಟಣ. ಸಿಗಂದೂರಿಗೆ ಲಾಂಚಿಗೆ ಕಾಯುವ ಕಾಲವೂ ಈಗ ಹೋಯಿತು, 2025ರ ಜುಲೈನಲ್ಲಿ ಸೇತುವೆ ಆಗಿದೆ.

ಅಮ್ಮನಿಗೆ ಗೊತ್ತಿಲ್ಲದ ಸಂಗತಿ ಒಂದೇ. ಪಿ.ಜಿ.ಯಲ್ಲಿ ಒಲೆ ಇರುವುದಿಲ್ಲ. ಉಪ್ಪಿನಕಾಯಿ ವಾರದಲ್ಲಿ ಖಾಲಿ, ರೂಮಿನಲ್ಲಿರುವ ಬಾಗಲಕೋಟೆಯವನೂ ಅನಂತಪುರದವನೂ ಸೇರಿ ಮುಗಿಸುತ್ತಾರೆ. ಹಪ್ಪಳ ಮಾತ್ರ ಹಸಿಯಾಗಿಯೇ ಮಂಚದ ಕೆಳಗೆ ಮುಂದಿನ ಬೇಸಿಗೆಯವರೆಗೂ ಕೂತಿರುತ್ತದೆ. ಬೆಳಗಿನ ಜಾವ ನೆಲಮಂಗಲ ದಾಟಿದ ಮೇಲೆ ಎಂಟನೇ ಮೈಲಿ, ಗೊರಗುಂಟೆಪಾಳ್ಯ, ಯಶವಂತಪುರ, ಮೆಜೆಸ್ಟಿಕ್ ಎಂದು ಒಬ್ಬೊಬ್ಬರೇ ಇಳಿಯುವಾಗ ಕ್ಲೀನರ್ ಒಂದೊಂದಾಗಿ ಕೆಳಗಿಡುವುದು ಇಂಥವೇ ಪೆಟ್ಟಿಗೆಗಳು.

ಹೋದವರು ಬರೆದ ಊರು

ಊರು ಬಿಡುವುದು ಈ ತಾಲ್ಲೂಕಿಗೆ ಹೊಸತಲ್ಲ. ಕುಪ್ಪಳಿಯ ಹುಡುಗ ಪುಟ್ಟಪ್ಪ ತೀರ್ಥಹಳ್ಳಿಯಲ್ಲಿ ಓದಿ ಮೈಸೂರಿಗೆ ಹೋದವರು ಅಲ್ಲೇ 'ಉದಯರವಿ' ಕಟ್ಟಿಸಿಕೊಂಡರು. 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದಾಗ ಕುವೆಂಪು ಮಲೆನಾಡು ಬಿಟ್ಟು ದಶಕಗಳೇ ಕಳೆದಿದ್ದವು. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅಗ್ರಹಾರದ ಕತೆ 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು. ತೀರ್ಥಹಳ್ಳಿಯನ್ನು ಕನ್ನಡಕ್ಕೆ ಕಾಣಿಸಿದವರಲ್ಲಿ ಬಹುಮಂದಿ ತೀರ್ಥಹಳ್ಳಿಯಲ್ಲಿರಲಿಲ್ಲ.

ಮರಳಿದವರ ಹೆಸರನ್ನೂ ಹೇಳಬೇಕು. ಮೈಸೂರಿನಲ್ಲಿ ಓದು ಮುಗಿಸಿದ ಕೆ.ವಿ. ಸುಬ್ಬಣ್ಣ ಸಾಗರದ ಹೆಗ್ಗೋಡಿಗೇ ಹಿಂತಿರುಗಿ, 1949ರಲ್ಲಿ ಊರವರು ಕಟ್ಟಿದ್ದ ನೀನಾಸಂ ಅನ್ನು ಬೆಳೆಸಿ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಹಳ್ಳಿಗೆ ತಂದರು. ಕುವೆಂಪು ಅವರ ಮಗ ತೇಜಸ್ವಿ ಎಂ.ಎ. ಮಾಡಿ ಮೂಡಿಗೆರೆಯ ತೋಟ ಸೇರಿದರು. ಸ್ವಾಗತ ಭಾಷಣಗಳಲ್ಲಿ ಈ ಎರಡು ಉದಾಹರಣೆಗಳನ್ನು ಹುಡುಗರಿಗೆ ಹೇಳದವರಿಲ್ಲ. ಇಬ್ಬರಿಗೂ ಕಾಲೂರಲು ಜಮೀನಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಊರಲ್ಲೇ ಇರಿ ಎಂಬ ಉಪದೇಶ ಅರ್ಧ ಎಕರೆಯವನಿಗೆ ಬರುವುದು ಬಹುಮಟ್ಟಿಗೆ ತಾವೇ ಊರು ಬಿಟ್ಟು ನೆಲೆ ಕಂಡವರಿಂದ.

ಬಿಡುವ ಇಷ್ಟವಿಲ್ಲದೆ ಬಿಟ್ಟವರೂ ಇದೇ ನೆಲದವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಸಾಗರ, ಹೊಸನಗರದ ಹಳ್ಳಿಗಳು ಮುಳುಗಿದವು. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಅವರಿಗೆ ಹಬ್ಬಕ್ಕೆ ಮರಳಲು ಊರೇ ಇಲ್ಲ. ರಾತ್ರಿ ಬಸ್ಸಿನ ಹುಡುಗನಿಗೆ ಆ ಭಾಗ್ಯ ಇದೆ.

ಚೇಣಿ ಕೊಡುವ ದಿನ

ಮರಳಲು ಊರು ಇದೆ ಎಂಬುದರಿಂದಲೇ ರಾತ್ರಿ ಬಸ್ಸಿನ ಹುಡುಗನ ವಿದಾಯ ಮುಂದಕ್ಕೆ ಹೋಗುತ್ತಾ ಇರುತ್ತದೆ. ದೀಪಾವಳಿಗೆ ಬರುತ್ತಾನೆ, ಭೂಮಿ ಹುಣ್ಣಿಮೆ ಶನಿವಾರ ಭಾನುವಾರ ಬಿದ್ದರೆ ಅದಕ್ಕೂ. ಓಟು ಇನ್ನೂ ಊರಲ್ಲೇ, ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಅಪ್ಪಯ್ಯನ ಕೆಳಗೇ. ಅಡಿಕೆ ಕೊನೆ ಕೊಯ್ಲಿಗೆ ಎರಡು ದಿನ ರಜೆ ಹಾಕುತ್ತಾನೆ. 2020ರ ಲಾಕ್‌ಡೌನಿನಲ್ಲಿ ಇವರೆಲ್ಲ ಒಟ್ಟಿಗೇ ಮರಳಿದಾಗ ಮನೆಗಳಲ್ಲಿ ಎಷ್ಟೋ ವರ್ಷಗಳ ಮೇಲೆ ಹಂಡೆ ತುಂಬ ನೀರು ಕಾಯಿತು. ಆಮೇಲೆ ವರ್ಕ್ ಫ್ರಂ ಹೋಂ ಎಂದು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದರು. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಎಂಬ ಅಭಿಯಾನ ಈ ಜಿಲ್ಲೆಯಲ್ಲಿ ಹುಟ್ಟಿದ್ದು ಆಗಲೇ. ಒಂದು ಗಾಳಿಮಳೆಗೆ ಮೂರು ದಿನ ಕರೆಂಟು ಹೋಗುವಲ್ಲಿ ಆಫೀಸು ನಡೆಯದು ಎಂದು ಕಂಪನಿ ಕರೆಯಿತು, ಹೋದರು.

ಉಳಿದವರೂ ಇದ್ದಾರೆ, ಸುಮ್ಮನೆ ಅಲ್ಲ. ಮರ ಹತ್ತುವ ಕೊನೆಗಾರರು ಕಡಿಮೆಯಾದಂತೆ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲಿಂದಲೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಹುಡುಗರ ತಂಡಗಳು ಎದ್ದಿವೆ. ಸೀಸನ್ನಿನಲ್ಲಿ ಅವರ ದಿನಗೂಲಿ ಬೆಂಗಳೂರಿನ ಶುರುವಿನ ಸಂಬಳವನ್ನು ನಾಚಿಸುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಅದಕ್ಕಿನ್ನೂ ಬೆಲೆ ಬಂದಿಲ್ಲ.

ಊರು ಕೈಬಿಡುವುದು ಆಮೇಲೆ, ಹತ್ತು ಹದಿನೈದು ವರ್ಷದ ಮೇಲೆ. ಅಪ್ಪಯ್ಯನಿಗೆ ಮಂಡಿನೋವು, ಅಮ್ಮನಿಗೆ ಅಡಿಕೆ ಬೇಯಿಸುವ ಶಕ್ತಿಯಿಲ್ಲ. ಸುಲಿಯಲು ಜನ ಸಿಗುವುದಿಲ್ಲ. ಆಗ ಮನೆಯಲ್ಲಿ ಮೊದಲ ಬಾರಿಗೆ ಯಾರೋ ಹೇಳುತ್ತಾರೆ, "ಈ ಸಲ ಚೇಣಿ ಕೊಟ್ಬಿಡನ." ಚೇಣಿದಾರ ಮಳೆಗಾಲದಲ್ಲೇ ಬಂದು ತೋಟ ತಿರುಗುತ್ತಾನೆ, ಕೊನೆಗಳನ್ನು ಕಣ್ಣಲ್ಲೇ ಅಳೆಯುತ್ತಾನೆ, ಮುಂಗಡ ಹೇಳುತ್ತಾನೆ. ಕೊಯ್ಲು, ಸುಲಿತ, ಬೇಯಿಸುವುದು ಎಲ್ಲ ಅವನದು. ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡು ಹದಿಮೂರು ಕೆ.ಜಿ. ಆಸುಪಾಸು ಒಣ ಅಡಿಕೆಯೆಂದೋ, ಅದರ ಬೆಲೆಯೆಂದೋ ಕರಾರು. ಅಲ್ಲಿಗೆ ಮನೆಯ ಅಂಗಳದಲ್ಲಿ ಅಡಿಕೆ ಒಣಗುವುದು ನಿಲ್ಲುತ್ತದೆ. ಮಗ ಕೊಯ್ಲಿಗೆ ರಜೆ ಹಾಕಬೇಕಾದ್ದೂ ಇಲ್ಲ.

ಈಗ ಈ ಕರಾರನ್ನು ಕುದುರಿಸುವವನು ಬಹುತೇಕ ಮನೆಗಳಲ್ಲಿ ಬೆಂಗಳೂರಿನಲ್ಲಿರುವ ಮಗನೇ, ಫೋನಿನಲ್ಲಿ. ಎಲೆಚುಕ್ಕೆ ಹತ್ತಿದೆ, ಈ ವರ್ಷ ಅಷ್ಟು ಕೊಡಕ್ಕಾಗಲ್ಲ ಎಂದು ಚೇಣಿದಾರ ಎಳೆಯುತ್ತಾನೆ. ಹೌದೋ ಅಲ್ಲವೋ ಮಗನಿಗೆ ಗೊತ್ತಿಲ್ಲ, ತೋಟಕ್ಕೆ ಇಳಿದು ವರ್ಷವಾಗಿದೆ. ಪಕ್ಕದ ಮನೆಯವರನ್ನು ವಿಚಾರಿಸೋಣವೆಂದರೆ ಅವರ ಮಗನೂ ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿದ್ದಾನೆ, ಅವನಿಗೂ ಅದೇ ಸಮಸ್ಯೆ. ಇಬ್ಬರೂ ಫೋನ್ ಮಾಡುವುದು ಊರಿನಲ್ಲೇ ಉಳಿದ ಸಹಪಾಠಿಗೆ, ಆ ದೋಟಿ ತಂಡದವನಿಗೆ. ಯಾವ ತೋಟದ ಯಾವ ಸಾಲಿನಲ್ಲಿ ಎಷ್ಟು ಕೊನೆ ಬಿದ್ದಿದೆ ಎಂಬ ಲೆಕ್ಕ ಅವನ ಹತ್ತಿರ ಇದೆ, ಈಚೆಗೆ ಅದಕ್ಕೂ ಅವನು ದುಡ್ಡು ತೆಗೆದುಕೊಳ್ಳುತ್ತಾನೆ.